ಪರದೆಯಕ್ಕ ಹೊಲಿದ ಕೋಟು

ಆ ಪೇಟೆಬೀದಿಯಲ್ಲಿ ಕೋಟು ತೊಟ್ಟು ಓಡಾಡುವ ಗಂಡಸರೆಲ್ಲರ ಮೈಯಳತೆ ಪರದೆಯಕ್ಕನಿಗೆ ಬಾಯಿಪಾಠವಾಗಿತ್ತು. ಹೀಗೆಂದರೆ ಕೆಲವರು ಹುಬ್ಬು ಹಾರಿಸುತ್ತಾರೆ. ಹಾರಿಸಲಿ. ಅವರಲ್ಲಿ ಒಬ್ಬನ ಮುಖವನ್ನೂ ಅವಳು ನೆಟ್ಟಗೆ ನೋಡಿದವಳಲ್ಲ. ಯಾರ ಎದೆ ಎಷ್ಟು, ಯಾರ ಬೆನ್ನು ಬಾಗಿದೆ, ಯಾರ ಹೊಟ್ಟೆ ಹೋದ ವರ್ಷಕ್ಕಿಂತ ಎರಡಿಂಚು ಮುಂದೆ ಬಂದಿದೆ ಎಂಬುದು ಮಾತ್ರ ಆಯಾ ಮನೆಯ ಹೆಂಡತಿಯರಿಗಿಂತ ಇವಳಿಗೇ ಚೆನ್ನಾಗಿ ಗೊತ್ತಿತ್ತು.

ಅಂಗಡಿಯಲ್ಲಿ ಎರಡು ಭಾಗ. ಮುಂದೆ ಗಿರಾಕಿಗಳ ಬೆಂಚು, ಆಳೆತ್ತರದ ಕನ್ನಡಿ, ಕತ್ತಿಗೆ ಟೇಪು ಹಾಕಿಕೊಂಡು ನಿಂತ ಗಂಡ. ನಡುವೆ ದಪ್ಪನೆಯ ಕಂದು ಪರದೆ. ಅದರ ಹಿಂದೆ ಬಟ್ಟೆ ಕತ್ತರಿಸುವ ಮೇಜು, ಹೊಲಿಗೆಯಂತ್ರ, ಇಸ್ತ್ರಿಪೆಟ್ಟಿಗೆ, ಕೈಗೆಟುಕದ ಎತ್ತರದಲ್ಲಿ ಒಂದು ಕಿಟಕಿ, ಮತ್ತು ಇವಳು. ಬೀದಿಯ ಹೆಂಗಸರು ಇಟ್ಟ ಹೆಸರು ಪರದೆಯಕ್ಕ. ಅದು ಎಷ್ಟು ಬಲವಾಗಿ ಅಂಟಿಕೊಂಡಿತೆಂದರೆ ಅವಳ ನಿಜವಾದ ಹೆಸರು ಗಂಡನಿಗೂ ನೆನಪಿತ್ತೋ ಇಲ್ಲವೋ. ಅವನಂತೂ ಮದುವೆಯಾದ ದಿನದಿಂದ "ಇವಳೇ" ಎಂದೇ ಕೂಗುತ್ತಿದ್ದ.

ಅವಳ ಅಪ್ಪನೂ ಕೋಟಿನ ಟೈಲರೇ. ಗಂಡುಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕತ್ತರಿ ಹಿಡಿಸಿದ; ಅವರು ಕಲಿಯಲಿಲ್ಲ. ಮೂಲೆಯಲ್ಲಿ ಗುಂಡಿತೂತಿನ ಕಾಜು ಹೊಲಿಯುತ್ತ ಕೂತಿದ್ದ ಮಗಳಿಗೆ ಯಾರೂ ಕಲಿಸಲಿಲ್ಲ, ಅವಳು ಕಲಿತಳು. ಮದುವೆಯಾಗಿ ಬಂದ ಆರನೆಯ ತಿಂಗಳಲ್ಲಿ ಗಂಡ ಯಾರದೋ ಒಳ್ಳೆಯ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿ ತಲೆಯ ಮೇಲೆ ಕೈಹೊತ್ತು ಕೂತಾಗ, ಇವಳು ಬಂದು ಬಟ್ಟೆಯನ್ನು ಅತ್ತಿತ್ತ ತಿರುಗಿಸಿ, ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ಕೋಟನ್ನು ಉಳಿಸಿಕೊಟ್ಟಳು. ಗಂಡ ಬಾಗಿಲು ಮುಚ್ಚಿ ಬಂದು, "ಯಾರ ಹತ್ರಾನೂ ಬಾಯಿಬಿಡಬೇಡ" ಎಂದ. ಅಂದಿನಿಂದ ಕತ್ತರಿ ಅವಳದು, ಹೆಸರು ಅವನದು. ಅವನು ಕೆಟ್ಟವನೇನಲ್ಲ. ಆದರೂ ಯಾರಾದರೂ ಹೊಗಳಿದರೆ ಪರದೆ ಸರಿಸಿ ಒಳಬಂದು, "ಇವತ್ತು ಕಾಲೇಜಿನ ಪ್ರಿನ್ಸಿಪಾಲ್ರು ನನ್ನ ಕಟಿಂಗ್ ನೋಡಿ ದಂಗಾಗಿಹೋದ್ರು ಕಣೇ" ಎಂದು ಅವಳಿಗೇ ಹೇಳುತ್ತಿದ್ದ. ಪುಣ್ಯಾತ್ಮ, ನಾಲ್ಕು ಸಲ ಹೇಳಿ ಹೇಳಿ ತಾನೂ ನಂಬಿಬಿಟ್ಟಿದ್ದ. ಅವಳು ತಲೆತಗ್ಗಿಸಿ ನಗುತ್ತಿದ್ದಳು.

ಹೆಂಗಸು ಪರಗಂಡಸಿನ ಮೈಗೆ ಟೇಪು ಹಿಡಿಯುವುದುಂಟೇ? ಹಾಗಾಗಿ ಅವನು ಮುಂದೆ ನಿಂತು ಅಳೆದು ಅಂಕಿಗಳನ್ನು ಕೂಗುತ್ತಿದ್ದ, ಇವಳು ಒಳಗೆ ಬರೆದುಕೊಳ್ಳುತ್ತಿದ್ದಳು. ತೊಡಕೆಂದರೆ ಅಂಕಿ ಮಾತ್ರ ಸಾಲದು. ಭುಜ ಇಳಿದಿದೆಯೇ, ಗೂನಿದೆಯೇ ತಿಳಿಯಬೇಕು. ಅದನ್ನು ಗಿರಾಕಿಯ ಎದುರಿಗೇ ಕೂಗಿದರೆ ಅವನು ಎದ್ದುಹೋಗುತ್ತಾನೆ. ಅದಕ್ಕೆ ಗಂಡ ಹೆಂಡತಿ ಒಂದು ಗುಟ್ಟಿನ ಭಾಷೆ ಮಾಡಿಕೊಂಡಿದ್ದರು. "ಮಳೆ ಬರೋ ಹಾಗಿದೆ" ಎಂದರೆ ಬೆನ್ನು ಬಾಗಿದೆ. "ಟೀ ತರಿಸ್ಲಾ ಸಾರ್" ಎಂದರೆ ಹೊಟ್ಟೆ ಜೋತಿದೆ. "ಈ ಬಾಗಿಲು ಎಡಕ್ಕೆ ವಾಲಿದೆ, ರಿಪೇರಿ ಮಾಡಿಸ್ಬೇಕು" ಎಂದರೆ ಎಡಭುಜ ಕೆಳಗಿದೆ. ಒಮ್ಮೆ ನಿಜವಾಗಿಯೇ ಮೋಡ ಕವಿದು, ಅವನು ಸುಮ್ಮನೆ ಹವಾಮಾನದ ಮಾತಾಡಿದ್ದಕ್ಕೆ, ಬಾಣದ ಹಾಗೆ ನೆಟ್ಟಗಿದ್ದ ಪೋಸ್ಟ್ ಮಾಸ್ಟರಿಗೆ ಇವಳು ಗೂನುಬೆನ್ನಿನ ಕೋಟು ಕತ್ತರಿಸಿಟ್ಟಿದ್ದಳು. ಅದನ್ನು ನೆನೆದು ಇಬ್ಬರೂ ವರ್ಷಗಟ್ಟಲೆ ನಕ್ಕರು.

ಐಬು ತಿಳಿದ ಮೇಲೆ ಮುಚ್ಚುವುದು ಅವಳ ವಿದ್ಯೆ. ಇಳಿದ ಭುಜಕ್ಕೆ ಒಳಗೆ ಹತ್ತಿಯ ಮೆತ್ತೆ, ಬಾಗಿದ ಬೆನ್ನಿಗೆ ಕಾಲರಿನ ಬುಡದಲ್ಲಿ ಒಂದು ಮಡಿಕೆ, ಜೋತ ಹೊಟ್ಟೆಗೆ ಗುಂಡಿಯ ಸಾಲು ಅರ್ಧ ಇಂಚು ಮೇಲೆ. ಐವತ್ತು ವರ್ಷದವನು ಅವಳ ಕೋಟು ತೊಟ್ಟರೆ ನಲವತ್ತಾಗಿ ಬೀದಿಗಿಳಿಯುತ್ತಿದ್ದ. ತಪ್ಪಿದ್ದು ಇನ್ನೊಂದೇ ಸಲ, ಮೊದಲ ವರ್ಷ. ಬ್ಯಾಂಡ್ ಮಾಸ್ತರರ ಕೋಟಿನ ಕಂಕುಳನ್ನು ಒಂದೂವರೆ ಇಂಚು ಕೆಳಗಿಳಿಸಿ ಕತ್ತರಿಸಿಬಿಟ್ಟಳು. ಕಂಕುಳು ಎತ್ತರಕ್ಕಿದ್ದರೆ ಕೈ ಆಡುತ್ತದೆ, ಕೆಳಗಿಳಿದರೆ ಕೈ ಕಟ್ಟಿಹಾಕುತ್ತದೆ. ಇದು ಅವಳ ಅಪ್ಪ ಗಂಡುಮಕ್ಕಳಿಗೆ ದಿನಾ ಗಿಣಿಗೆ ಹೇಳಿದ ಹಾಗೆ ಹೇಳುತ್ತಿದ್ದ ಮಾತು. ಪಾಪ ಬ್ಯಾಂಡ್ ಮಾಸ್ತರರು ಅಂದು ಕೋಲನ್ನು ಭುಜದ ಮೇಲಕ್ಕೆ ಎತ್ತಲಾಗದೆ ಎದೆಯ ಹತ್ತಿರವೇ ಆಡಿಸಿ, ವಾದ್ಯದವರೆಲ್ಲ ಅಡ್ಡಾದಿಡ್ಡಿ ಬಾರಿಸಿ, ದೊಡ್ಡ ರಂಪವಾಯಿತು.

ಅವರಿಗೆ ಒಬ್ಬಳೇ ಮಗಳು. ಎರಡು ವರ್ಷದವಳಿದ್ದಾಗ ಕೋಟಿನ ಗುಂಡಿ ನುಂಗಿ ಮನೆಯವರ ಜೀವ ಬಾಯಿಗೆ ತಂದಿದ್ದಳು. ಅಂದಿನಿಂದ ಅವಳ ಹೆಸರೇ ಗುಂಡಿ ಎಂದಾಯಿತು. ಎಡಚಿ. ಅವಳು ಹೊಲಿದರೆ ಎಳೆಗಳೆಲ್ಲ ತಾಯಿಯ ಹೊಲಿಗೆಗೆ ಎದುರುದಿಕ್ಕಿಗೆ ಓರೆಯಾಗಿ ಬೀಳುತ್ತಿದ್ದವು. ಶಾಲೆಯಿಂದ ಬಂದವಳೇ ನೀಲಿ ಸಮವಸ್ತ್ರದಲ್ಲೇ ಮೇಜಿನ ಕೆಳಗೆ ಕೂತು ಪಾಠ ಓದುತ್ತ, ನಡುನಡುವೆ ಸೂಜಿಗೆ ದಾರ ಪೋಣಿಸಿಕೊಡುತ್ತ ಬೆಳೆದಳು. ಲೆಕ್ಕದ ಟೀಚರಾಗುತ್ತೇನೆ ಎನ್ನುತ್ತಿದ್ದಳು.

ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೋದ. ಗಿರಾಕಿಯ ಸೊಂಟ ಅಳೆಯುತ್ತಿದ್ದವನು "ಮೂವತ್ತೆಂ" ಎಂದು ಅರ್ಧಕ್ಕೇ ನಿಲ್ಲಿಸಿದ. ಪರದೆಯಕ್ಕ ಪೆನ್ಸಿಲ್ ಹಿಡಿದು ಮುಂದಿನ ಮಾತಿಗೆ ಕಾದಳು. ಹೊರಗೆ ಗಲಾಟೆ ಎದ್ದಿತು. ಮುಂದಿನ ಕೋಣೆಗೆ ಓಡಬೇಕೋ ಬೇಡವೋ ಎಂದು ಪರದೆಯ ಅಂಚು ಹಿಡಿದು ನಿಂತೇ ಇದ್ದಳು. ಹೊರಗೆ ಗಂಡಸರು ತುಂಬಿದ್ದರಲ್ಲ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಇಪ್ಪತ್ತೆರಡು ವರ್ಷದ ಆ ರೂಢಿಯನ್ನು ಅವಳು ಆಮೇಲೆ ಬಹಳ ಶಪಿಸಿಕೊಂಡಳು.

ಗಂಡ ಸತ್ತರೆ ಅಂಗಡಿ ಅವನ ತಮ್ಮನಿಗೆ ಎಂಬುದು ಆ ಊರಿನ ಕಾನೂನು. ಅಂಗಡಿ, ಹೊಲಿಗೆಯಂತ್ರ, ಇಸ್ತ್ರಿಪೆಟ್ಟಿಗೆ, ಅತ್ತಿಗೆ, ಅತ್ತಿಗೆಯ ಮಗಳು, ಎಲ್ಲವೂ ಒಂದೇ ಕಾಗದದಲ್ಲಿ ಮೈದುನನ ಪಾಲಿಗೆ ಬಂದವು. ಇವಳು ಮದುವೆಯಾಗಿ ಬಂದಾಗ ಅವನು ಎಂಟು ವರ್ಷದ ಸಿಂಬಳಬುರುಕ. ಇವಳೇ ಎಣ್ಣೆ ಹಚ್ಚಿ ಮೀಯಿಸಿ, ತುತ್ತು ಮಾಡಿ ತಿನ್ನಿಸಿದವಳು. ಅವನು ಕತ್ತಿಗೆ ಅಣ್ಣನ ಟೇಪು ಹಾಕಿಕೊಂಡ ವಾರದಲ್ಲಿ ಇವಳ ಬಾಯಲ್ಲಿದ್ದ "ನೀನು" ತಾನಾಗಿಯೇ "ನೀವು" ಆಯಿತು. ಕಲಿಸಿದವರು ಯಾರೂ ಇಲ್ಲ. ಗುಂಡಿಯ ಶಾಲೆ ಮೊದಲು ನಿಂತಿತು. "ಅಪ್ಪ ಇಲ್ಲದ ಹುಡುಗಿ ಬೀದಿ ಸುತ್ತಬಾರದು" ಎಂದ ಚಿಕ್ಕಪ್ಪ. ಅವಳು ನೀಲಿ ಲಂಗವನ್ನು ಒಗೆದು ಇಸ್ತ್ರಿ ಮಾಡಿ ಪೆಟ್ಟಿಗೆಯ ತಳದಲ್ಲಿಟ್ಟಳು, ಇನ್ನೇನು ಸೋಮವಾರ ಹೊರಡುವವಳ ಹಾಗೆ.

ಎರಡು ವರ್ಷ ಕಳೆಯಿತು. ಒಂದು ದಿನ ಮೈದುನ ಪರದೆ ಸರಿಸಿ, "ಅತ್ತಿಗೆ, ಗುಂಡಿಗೆ ಗಂಡು ಗೊತ್ತಾಯ್ತು" ಎಂದ.

"ಅವಳಿಗಿನ್ನೂ ಹದಿನಾರು..."

"ಹದಿನೇಳು ಹತ್ರ ಬಂತು. ಮರದ ಮಂಡಿ ಮನೆ. ಅವ್ರೇ ಕೇಳ್ಕೊಂಡು ಬಂದಿದ್ದಾರೆ. ಇಂಥ ಸಂಬಂಧ ದೀಪ ಹಿಡ್ಕೊಂಡು ಹುಡುಕಿದ್ರೂ ಸಿಗಲ್ಲ."

ಮರದ ಮಂಡಿಯ ಸಾಹುಕಾರರಿಗೆ ಒಬ್ಬನೇ ಮಗ, ದೂರದ ಕಾಲೇಜಿನಲ್ಲಿ ಓದಿದವನು. ಅವನ ಎರಡು ಕೋಟು ಇವಳೇ ಕತ್ತರಿಸಿದ್ದಳು. ಗಿರಾಕಿಗಳ ಅಳತೆಯ ಕಾಗದದ ಅಚ್ಚುಗಳೆಲ್ಲ ಗೋಡೆಯ ಮೊಳೆಗಳಿಗೆ ನೇತಾಡುತ್ತಿದ್ದವು. ಮೈದುನ ಆಚೆ ಹೋದದ್ದೇ ತಡ, ಆ ಹುಡುಗನ ಅಚ್ಚನ್ನು ತೆಗೆದು ಮೇಜಿನ ಮೇಲೆ ಹರಡಿದಳು.

"ನೋಡೇ ಗುಂಡಿ. ಎದೆ ಮೂವತ್ತಾರು. ಎರಡು ಭುಜಾನೂ ಸಮ. ಬೆನ್ನು ಗೋಡೆ ಹಾಗೆ. ಒಂದು ಕಡೆನೂ ಮೆತ್ತೆ ಇಡೋ ಕೆಲಸ ಇಲ್ಲ."

"ಅಮ್ಮಾ, ಮುಖ?"

"ಮುಖ ಯಾರಿಗೆ ಗೊತ್ತು? ನೆಟ್ಟಗೆ ನಿಲ್ಲೋ ಹುಡುಗ. ಓದಿದವನು ಬೇರೆ. ಕೇಳ್ಕೊಂಡ್ರೆ ನಿನ್ನನ್ನೂ ಓದಿಸಬಹುದು."

ಗುಂಡಿ ಕಾಗದದ ಭುಜಗಳನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ, "ಏನ್ರೀ, ನನ್ನನ್ನ ಹತ್ತನೇ ಕ್ಲಾಸಿಗೆ ಸೇರಿಸ್ತೀರಾ?" ಎಂದು ಕೇಳಿದಳು. ಕಾಗದ ಗಾಳಿಗೆ ತಲೆಯಾಡಿಸಿದಂತೆ ಆಡಿತು. ತಾಯಿಮಗಳು ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪರದೆಯಾಚೆ ಗಿರಾಕಿಗಳಿದ್ದರು.

ಮೂರು ದಿನದ ಮೇಲೆ ಮಂಡಿ ಸಾಹುಕಾರರ ದನಿ ಅಂಗಡಿಯಲ್ಲಿ ಕೇಳಿಸಿತು. ಮೈದುನ ಅಳೆಯತೊಡಗಿದ. ಅವನಿಗೆ ಗುಟ್ಟಿನ ಭಾಷೆ ಗೊತ್ತಿಲ್ಲ, ಬರೀ ಅಂಕಿ.

"ಎದೆ ನಲವತ್ತೆರಡು. ಹೊಟ್ಟೆ ನಲವತ್ತೇಳು. ಬಲತೋಳು ಇಪ್ಪತ್ತೈದು. ಎಡತೋಳು ಇಪ್ಪತ್ನಾಲ್ಕೂ ಕಾಲು."

ಪರದೆಯಕ್ಕ ಬರೆದುಕೊಂಡಳು. ಬೀಗರಲ್ಲವೇ, ಮಗನ ಮದುವೆಗೆ ಹೊಸ ಕೋಟು ಬೇಡವೇ? ಅವರು ಹೋದ ಮೇಲೆ ಕೇಳಿದಳು: "ಹುಡುಗನ ಅಳತೆ ಯಾವಾಗ ಕೊಡ್ತಾರಂತೆ?"

ಮೈದುನ ಟೇಪು ಸುತ್ತುತ್ತಿದ್ದ. "ಈಗ ಕೊಟ್ರಲ್ಲ" ಎಂದ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಳತೆ ಬರೆದ ಚೀಟಿಯನ್ನು ಮಗುಚಿಟ್ಟಳು.

"ಅವ್ರ ಮಗನಿಗೇ ಇಪ್ಪತ್ನಾಲ್ಕು ವರ್ಷ."

"ಅದಕ್ಕೇನೀಗ? ನಾನು ಮಂಡಿ ಮನೆ ಅಂದೆ, ಮಗ ಅಂದ್ನಾ?"

"ನೀವು ಅವಳನ್ನ ಎತ್ತಿ ಆಡಿಸಿದವರು. ಗೊತ್ತಿದ್ದೂ ಹೀಗೆ ಮಾಡ್ತೀರಾ?"

"ನೋಡಿ ಅತ್ತಿಗೆ, ಈ ಮಳಿಗೆ ಸಾಲೆಲ್ಲ ಅವ್ರದ್ದೇ. ಪಕ್ಕದ್ದನ್ನೂ ನಮಗೆ ಬಿಟ್ಟುಕೊಡ್ತಾರೆ. ನಿಮಗೂ ಗಾಳಿ ಬೆಳಕು ಇರೋ ಕೋಣೆ ಸಿಗುತ್ತೆ."

"ನಾನು ಒಪ್ಪಲ್ಲ."

ಮೈದುನ ತಲೆಯೆತ್ತಿ ನೋಡಿದ. ಸಿಟ್ಟಿನಿಂದಲ್ಲ; ನಿಜವಾಗಿಯೂ ಅವನಿಗೆ ಆಶ್ಚರ್ಯವಾಗಿತ್ತು. "ನಿಮ್ಮ ಒಪ್ಪಿಗೆ ಯಾರು ಕೇಳಿದ್ರು ಅತ್ತಿಗೆ?" ಎಂದ. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಅವನು ಊಟಕ್ಕೆ ಹೋದಾಗ ಅವಳು ಮೊಳೆಯಿಂದ ಸಾಹುಕಾರರ ಹಳೆಯ ಅಚ್ಚನ್ನು ಇಳಿಸಿದಳು. ಹದಿನೈದು ವರ್ಷದ ಹಿಂದೆ ಅವರ ಎರಡನೆಯ ಮದುವೆಗೆಂದು ಮಾಡಿದ್ದು. ಮೊದಲ ಹೆಂಡತಿ ಮಗನನ್ನು ಹೆತ್ತು ತೀರಿಕೊಂಡಿದ್ದಳು. ಹೊಟ್ಟೆಯ ಹತ್ತಿರ ಒಂದರ ಪಕ್ಕ ಒಂದು ಮೂರು ಪಟ್ಟಿ ಕಾಗದ ಅಂಟಿಸಿತ್ತು, ಹೊಸ ಕೋಟಿಗೊಂದರಂತೆ. ಎಡಭುಜದಲ್ಲಿ ಅರ್ಧ ಇಂಚು ಇಳಿತ. ಗಂಡ ಆಗ ಬಾಗಿಲು ವಾಲಿದೆ ಎಂದಿದ್ದು ಅವಳಿಗೆ ನೆನಪಾಯಿತು. ಆಮೇಲೆ ಇನ್ನೊಂದು ನೆನಪಾಯಿತು. ಎರಡನೆಯ ಹೆಂಡತಿ ಆ ಮನೆಯಲ್ಲಿದ್ದ ಮೂರು ವರ್ಷದಲ್ಲಿ ಸಾಹುಕಾರರ ಕೋಟು ನಾಲ್ಕು ಸಲ ರಿಪೇರಿಗೆ ಬಂದಿತ್ತು, ನಾಲ್ಕು ಸಲವೂ ಬಲಗಂಕುಳ ಹೊಲಿಗೆ ಬಿಟ್ಟು. ಕೈಯನ್ನು ಜೋರಾಗಿ ಮೇಲೆತ್ತಿ ಬೀಸಿದರೆ ಬಿಡುವ ಜಾಗ ಅದು. "ಮರ ಎತ್ತುತ್ತಾರೇನೋ" ಎಂದು ಗಂಡ ನಕ್ಕಿದ್ದ, ಇವಳೂ ನಕ್ಕು ಹೊಲಿದುಕೊಟ್ಟಿದ್ದಳು. ಸಾಹುಕಾರರು ಯಾವ ಮರ ಎತ್ತುತ್ತಾರೆ? ಎತ್ತಲು ಇಪ್ಪತ್ತು ಆಳುಗಳಿದ್ದರು. ಆ ಹೆಂಗಸು ಒಂದು ದಿನ ತವರಿಗೆ ಹೋದವಳು ಸತ್ತರೂ ಬರುವುದಿಲ್ಲ ಎಂದು ಅಲ್ಲೇ ಉಳಿದಳು. ಅವಳು ಹೋದ ಮೇಲೆ ಆ ಹೊಲಿಗೆ ಒಮ್ಮೆಯೂ ಬಿಟ್ಟಿರಲಿಲ್ಲ.

ನಾಲ್ಕು ಸಲ ಹೊಲಿದೆನಲ್ಲ, ಒಂದು ಸಲವಾದರೂ ಯೋಚಿಸಿದೆನೇ? ಪರದೆಯಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳುವಾಗಲೂ ದನಿ ಪರದೆ ದಾಟದಂತೆ ಅಳುವುದು ಅವಳಿಗೆ ರೂಢಿ.

ಗುಂಡಿ ಅಳಲಿಲ್ಲ. ತಾಯಿ ಹೇಳಿದ್ದನ್ನೆಲ್ಲ ಕೇಳಿ, ಮೂವತ್ತಾರಿಂಚಿನ ಕಾಗದದ ಹುಡುಗನನ್ನು ಮಡಿಸಿ ಮೊಳೆಗೆ ಸಿಕ್ಕಿಸಿದಳು. "ಓಡಿಹೋಗ್ಲಾ ಅಮ್ಮಾ?" ಎಂದಳು.

"ಎಲ್ಲಿಗೇ ಓಡ್ತೀಯ?"

ಗಂಡಸಿನ ಸಹಿ ಇಲ್ಲದ ಹೆಣ್ಣಿಗೆ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆ ಕೋಣೆಯೂ ಸಿಗದ ಊರು ಅದು. ಇಬ್ಬರಿಗೂ ಗೊತ್ತಿತ್ತು. ಮತ್ತೆ ಆ ಮಾತು ಎತ್ತಲಿಲ್ಲ.

ಮಾರನೆಯ ದಿನ ಕೋಟಿನ ಗುಂಡಿ ಕೊಳ್ಳುವ ನೆಪ ಹೇಳಿ ಪರದೆಯಕ್ಕ ಮದುವೆ ನೋಂದಣಿಯ ಕಚೇರಿಗೆ ಹೋದಳು. ಜೀವಮಾನದಲ್ಲಿ ಮೊದಲ ಸಲ ಕಚೇರಿಯ ಮೆಟ್ಟಿಲು ಹತ್ತಿದ್ದು. ಗಂಡಸರ ಸಾಲಿನ ಕೊನೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಳು. ಗುಮಾಸ್ತ ತಲೆಯೆತ್ತಿದಾಗ ಅವಳ ಕಣ್ಣು ಬಿದ್ದದ್ದು ಅವನ ಕೋಟಿನ ಮೇಲೆ. ಎದೆ ಮೂವತ್ತೆಂಟು, ಬಲಭುಜ ಕಾಲಿಂಚು ಇಳಿತ. ಅವಳದೇ ಕೋಟು.

"ಟೈಲರ್ ಮಾಸ್ಟ್ರ ಮನೆಯವರಾ? ಏನು ಕೈ ಅಮ್ಮಾ ಅವರದ್ದು! ಅಂಥ ಮನುಷ್ಯ ಇನ್ನು ಹುಟ್ಟಲ್ಲ ಬಿಡಿ."

"ನನ್ನ ಮಗಳ ಮದುವೆ ನಿಲ್ಲಿಸ್ಬೇಕು ಸ್ವಾಮಿ. ನಾನು ತಾಯಿ. ನನ್ನದು ಒಪ್ಪಿಗೆ ಇಲ್ಲ ಅಂತ ಬರ್ಕೊಳ್ಳಿ."

ಗುಮಾಸ್ತ ಒಳ್ಳೆಯವನು. ಫಾರಂ ತಿರುಗಿಸಿ ತೋರಿಸಿದ. ಗಂಡಿನ ಸಹಿಗೆ ಒಂದು ಜಾಗ, ಹೆಣ್ಣಿನ ಪೋಷಕನಿಗೆ ಒಂದು ಜಾಗ, ಇಬ್ಬರು ಗಂಡಸು ಸಾಕ್ಷಿಗಳಿಗೆ ಎರಡು ಜಾಗ. "ಎಲ್ಲಿ ಬರ್ಕೊಳ್ಲಿ ಹೇಳಿ? ತಾಯಿಗೆ ಕಾಲಂ ಇಲ್ಲಮ್ಮ ಇದ್ರಲ್ಲಿ" ಎಂದ. ಹೆಣ್ಣಿಗೂ ಇರಲಿಲ್ಲ, ಅದನ್ನು ಇಬ್ಬರೂ ಗಮನಿಸಲಿಲ್ಲ.

"ವಯಸ್ಸಿನ ಅಂತರ ಮೂವತ್ತೆಂಟು ವರ್ಷ ಸ್ವಾಮಿ. ಐವತ್ತೈದು ಅವ್ರಿಗೆ."

"ಇಪ್ಪತ್ತೈದರ ಮೇಲೆ ಅಂತರ ಇದ್ರೆ ಸಾಹೇಬ್ರು ನಿಲ್ಲಿಸಬಹುದು. ನಿಜ. ಆದ್ರೆ ಇಲ್ಲಿ ಗಂಡಿನ ವಯಸ್ಸು ನಲವತ್ತು ಅಂತ ಬರ್ಸಿದ್ದಾರೆ. ನೋಡೋಕೂ ಅಷ್ಟೇ ಕಾಣ್ತಾರಪ್ಪ, ಏನು ಠೀವಿ!"

ಆ ಠೀವಿಯನ್ನು ಕೊಟ್ಟವರು ಯಾರು? ಬಣ್ಣ ಹಚ್ಚಿದ ಕೂದಲು ಅವರದು, ಉಳಿದದ್ದೆಲ್ಲ ಅವಳ ಹತ್ತಿ, ಅವಳ ಮಡಿಕೆ, ಅವಳ ಕತ್ತರಿ.

"ನೋಡೋಕೆ ಹೆಚ್ಚು ಕಂಡ್ರೆ?" ಎಂದಳು.

"ಸಾಹೇಬ್ರಿಗೆ ಅನುಮಾನ ಬಂದ್ರೆ ಜನನಪತ್ರ ಕೇಳ್ತಾರೆ. ಇಲ್ಲ, ಸಭೆಯಲ್ಲಿ ಗಂಡಸರು ಯಾರಾದ್ರೂ ಎದ್ದು ಆಕ್ಷೇಪಣೆ ಹೇಳ್ಬೇಕು. ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ, ಎದ್ದು ಕಂಡ್ರೆ ಯಾರಾದ್ರೂ ಹೇಳೇ ಹೇಳ್ತಾರೆ."

ಹಿಂದಿರುಗುವ ದಾರಿಯಲ್ಲಿ ಅವಳ ಹೆಜ್ಜೆ ಚುರುಕಾಗಿತ್ತು. ಗುಂಡಿ ಕೊಳ್ಳುವುದನ್ನು ಮರೆತೇಬಿಟ್ಟಿದ್ದಳು.

ಹೀಗೆ ಪರದೆಯಕ್ಕ ತನ್ನ ಬಾಳಿನಲ್ಲಿ ಮೊದಲ ಬಾರಿಗೆ ಒಬ್ಬ ಗಂಡಸಿನ ಮೈ ಹೇಗಿದೆಯೋ ಹಾಗೆಯೇ ಕೋಟು ಕತ್ತರಿಸಿದಳು. ಟ್ರಯಲ್ಲಿನ ದಿನ ಜಾಣತನ ಮಾಡಿ ಮೆತ್ತೆ ಇಟ್ಟು ಕಚ್ಚಾ ಹೊಲಿಗೆ ಹಾಕಿ ಕಳಿಸಿದಳು. ಸಾಹುಕಾರರು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿ "ಭೇಷ್" ಎಂದರು. ಆಮೇಲೆ ಒಳಗೆ ಬಂದ ಕೋಟನ್ನು ಬಿಚ್ಚಿ, ಭುಜದ ಹತ್ತಿ ತೆಗೆದಳು, ಕಾಲರಿನ ಬುಡದ ಮಡಿಕೆ ಬಿಡಿಸಿದಳು, ಗುಂಡಿಗಳ ಸಾಲನ್ನು ಹೊಟ್ಟೆ ಜೋಲುವಲ್ಲಿಗೆ ಇಳಿಸಿದಳು. ಗುಂಡಿ ಎದುರಿಗೆ ಕೂತು ಎಲ್ಲ ನೋಡುತ್ತಿದ್ದಳು. ಕೇಳಲಿಲ್ಲ, ಅವಳಿಗೂ ಕೆಲಸ ಗೊತ್ತು. ಸೂಜಿಗೆ ದಾರ ಪೋಣಿಸಿ ಕೊಡುತ್ತ ಹೋದಳು. ಬದಲಾಯಿಸಲು ಹೊತ್ತು ಸಿಗಬಾರದೆಂದು ಮದುವೆಯ ದಿನ ಬೆಳಿಗ್ಗೆಯೇ ಕೋಟನ್ನು ಕಳಿಸಿದರು.

ಮದುವೆ ನಡೆದದ್ದು ಕಚೇರಿಯ ಮೇಲಂತಸ್ತಿನ ಸಭಾಂಗಣದಲ್ಲಿ. ಗಂಡಸರಿಗೆ ಕುರ್ಚಿಗಳು, ಹೆಂಗಸರಿಗೆ ಪಕ್ಕದ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಪರದೆಯಕ್ಕ ಮಗಳ ತಣ್ಣನೆಯ ಕೈ ಹಿಡಿದು ಸಂದಿಯಿಂದ ನೋಡುತ್ತಿದ್ದಳು.

ಸಾಹುಕಾರರು ಒಳಗೆ ಬಂದರು. ಅವಳ ಕತ್ತರಿ ಸುಳ್ಳು ಹೇಳಿರಲಿಲ್ಲ. ಎಡಭುಜ ಕುಸಿದಿತ್ತು, ಬೆನ್ನು ಗೂನಾಗಿತ್ತು, ಗುಂಡಿಗಳ ಕೆಳಗೆ ಹೊಟ್ಟೆ ಜೋತಿತ್ತು. ಬಣ್ಣ ಹಚ್ಚಿದ ಕೂದಲು ಆ ಮೈಯ ಮೇಲೆ ಬೇರೆ ಯಾರದೋ ತಲೆಯಂತೆ ಕಾಣುತ್ತಿತ್ತು. ಐವತ್ತೈದಲ್ಲ, ಅರವತ್ತರ ಮುದುಕ. ಇಡೀ ಪೇಟೆಯ ದೊಡ್ಡ ಮನುಷ್ಯರೆಲ್ಲ ಅಲ್ಲಿದ್ದರು, ಹೆಚ್ಚಿನವರು ಅವಳೇ ಹೊಲಿದ ಕೋಟಿನಲ್ಲಿ. ಎಲ್ಲರೂ ನೋಡಿದರು. ಎಲ್ಲರಿಗೂ ಕಂಡಿತು. ಏಳಿ, ಯಾರಾದರೂ ಒಬ್ಬರು ಏಳಿ ಎಂದು ಪರದೆಯಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು.

ನೋಂದಣಿ ಸಾಹೇಬರು ಕನ್ನಡಕದ ಮೇಲಿಂದ ಗಂಡನ್ನು ನೋಡಿದರು. ಫಾರಂ ನೋಡಿದರು. ಮತ್ತೆ ಗಂಡನ್ನು ನೋಡಿದರು.

"ವಯಸ್ಸು ನಲವತ್ತಾ?"

"ಹೌದು ಸಾರ್" ಎಂದ ಮೈದುನ.

ಸಾಹೇಬರ ಪೆನ್ನು ನಿಂತಿತು.

"ಈ ಕೋಟು ಹೊಲಿದ ಮಹಾನುಭಾವ ಯಾರ್ರೀ?" ಎಂದರು ಸಾಹೇಬರು. "ಒಳ್ಳೆ ಮದುವೆ ಗಂಡನ್ನ ಮುದುಕನ ಹಾಗೆ ಮಾಡಿಟ್ಟಿದ್ದಾನಲ್ಲ!"

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಬಿಗಿಹಿಡಿದಿದ್ದ ಉಸಿರನ್ನು ಬಿಡಲು ಅವರಿಗೆಲ್ಲ ಅಂಥದೊಂದು ಮಾತು ಬೇಕಾಗಿತ್ತು. "ಮಾಸ್ಟ್ರು ಹೋದ್ರು, ಆ ಅಂಗಡಿ ಕೈಯೂ ಹೋಯ್ತು" ಎಂದರು ಪ್ರಿನ್ಸಿಪಾಲರು. "ಅಣ್ಣನ ಬೆರಳಿನಷ್ಟೂ ಬರಲಿಲ್ಲ ತಮ್ಮನಿಗೆ" ಎಂದರು ಪೋಸ್ಟ್ ಮಾಸ್ಟರು. ಗುಮಾಸ್ತನೂ ನಕ್ಕ, ಬಾಗಿಲಿನ ಕಡೆ ಮಾತ್ರ ನೋಡಲಿಲ್ಲ. ಸಾಹುಕಾರರು ಕೆಂಪಗಾಗಿ ಮೈದುನನನ್ನು ದುರುಗುಟ್ಟಿ ನೋಡಿದರು. ಪೆನ್ನು ಮತ್ತೆ ಓಡಿತು. ನಾಲ್ಕು ಸಹಿಗಳು ಬಿದ್ದವು.

ಗುಂಡಿ ತಾಯಿಯ ಕೈಯನ್ನು ಒಮ್ಮೆ ಒತ್ತಿದಳು. "ಚೆನ್ನಾಗಿ ಹೊಲಿದಿದ್ದೆ ಅಮ್ಮಾ" ಎಂದಳು. ಆಮೇಲೆ ಪೆಟ್ಟಿಗೆ ಹಿಡಿದು ಎದ್ದಳು.

ಮಾನ ಹೋದ ಸಿಟ್ಟಿಗೆ ಮೈದುನ ಇವಳ ಕೈಯಿಂದ ಕತ್ತರಿ ಕಿತ್ತುಕೊಂಡ. ಅವನಿಗೆ ಅನುಮಾನವೂ ಬರಲಿಲ್ಲ. ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದುಕೊಂಡ. ಹೊರಗಿನಿಂದ ಒಬ್ಬ ಕಟಿಂಗ್ ಮಾಸ್ಟರನ್ನು ತಂದು ಪಕ್ಕದ ಹೊಸ ಮಳಿಗೆಯಲ್ಲಿ ಕೂರಿಸಿದ. ಇವಳಿಗೆ ಉಳಿದದ್ದು ಕಾಜು ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು. ಅಪ್ಪನ ಮನೆಯ ಮೂಲೆಯಲ್ಲಿ ಎಲ್ಲಿ ಶುರುಮಾಡಿದ್ದಳೋ ಅಲ್ಲಿಗೇ ಬಂದಳು. ಗಾಳಿ ಬೆಳಕಿನ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ.

ಮಗಳ ಮನೆ ಮೂರು ಬೀದಿ ಆಚೆ. ಮೂರು ಸಲ ಹೋದಳು. ಮೂರು ಸಲವೂ ಬಾಗಿಲಲ್ಲೇ "ಚಿಕ್ಕಮ್ಮಾವ್ರು ಮಲಗಿದ್ದಾರೆ" ಎಂದು ಆಳು ಹೇಳಿ ಕಳಿಸಿದ. ಮದುವೆಯ ದಿನದ ಅವಮಾನವನ್ನು ಸಾಹುಕಾರರು ಮರೆತಿರಲಿಲ್ಲ.

ಎಂಟು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಮೈದುನ ಪರದೆಯ ಸಂದಿಯಿಂದ ಒಂದು ಕೋಟು ಎಸೆದ. "ಮಂಡಿ ಮನೆದು. ಎಲ್ಲೋ ಹೊಲಿಗೆ ಬಿಟ್ಟಿದೆಯಂತೆ. ಸಂಜೆ ಆಳು ಬರ್ತಾನೆ."

ಅದೇ ಮದುವೆಯ ಕೋಟು. ಅವಳು ಮೇಜಿನ ಮೇಲೆ ಹರಡಿದಳು. ಎಲ್ಲಿ ಬಿಟ್ಟಿದೆ ಎಂದು ಹುಡುಕಬೇಕಾಗಿರಲಿಲ್ಲ. ಬಲಗಂಕುಳು. ಎಳೆ ಸವೆದು ಬಿಟ್ಟದ್ದಲ್ಲ, ಒಮ್ಮೆಗೇ ಕಿತ್ತುಬಂದದ್ದು. ಪಕ್ಕದಲ್ಲಿ ಹಿಂದೊಮ್ಮೆ ಬಿಟ್ಟಿದ್ದನ್ನು ಯಾರೋ ಮನೆಯಲ್ಲೇ ಹೊಲಿದ ಗುರುತಿತ್ತು. ಎಳೆಗಳು ಎದುರುದಿಕ್ಕಿಗೆ ಓರೆಯಾಗಿದ್ದವು.

ಪರದೆಯಕ್ಕ ಬಹಳ ಹೊತ್ತು ಆ ಹೊಲಿಗೆಯ ಮೇಲೆ ಬೆರಳಿಟ್ಟುಕೊಂಡು ಕೂತಳು. ಆಮೇಲೆ ಏನೋ ಅನುಮಾನ ಬಂದು ಎಡಭುಜ ಮುಟ್ಟಿ ನೋಡಿದಳು. ಮೆತ್ತಗಿತ್ತು. ಅಸ್ತರಿನ ತುದಿ ಬಿಚ್ಚಿದಳು. ಒಳಗೆ, ತಾನು ಹತ್ತಿ ತೆಗೆದಿದ್ದ ಜಾಗದಲ್ಲೇ, ಅರ್ಧ ಇಂಚಿನ ಮೆತ್ತೆ, ಅಳೆದಿಟ್ಟಂತೆ ಸರಿಯಾಗಿ, ಅದೇ ಎಡಗೈಯ ಹೊಲಿಗೆಯಲ್ಲಿ. ಹತ್ತಿ ಸಿಗಲಿಲ್ಲವೇನೋ, ಮಗಳು ನೀಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತುಂಬಿದ್ದಳು. ಶಾಲೆಯ ಲಂಗ. ಅಂಚಿನಲ್ಲಿ ತಾನೇ ಹೊಲಿದುಕೊಟ್ಟಿದ್ದ ಕೆಳಮಡಿಕೆ ಹಾಗೇ ಇತ್ತು, ಬೆಳೆಯುವ ಹುಡುಗಿಗೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿಕೊಳ್ಳಲೆಂದು ಬಿಟ್ಟಿದ್ದು.

ಅವಳು ಕೋಟಿಗೆ ಮುಖ ಒತ್ತಿ ಅತ್ತಳು. ಈ ಸಲ ದನಿ ಪರದೆ ದಾಟಿತೋ ಏನೋ.

"ಏನಾಯ್ತು ಅತ್ತಿಗೆ?"

"ಏನಿಲ್ಲ. ಸೂಜಿ ಚುಚ್ಚಿತು."

"ಗಟ್ಟಿಯಾಗಿ ಹೊಲೀರಿ. ಪದೇಪದೇ ಬಿಡಬಾರದಂತೆ."

"ಆಯ್ತು" ಎಂದಳು ಪರದೆಯಕ್ಕ.

ಭುಜದ ಅಸ್ತರನ್ನು ಇದ್ದ ಹಾಗೆಯೇ ಮುಚ್ಚಿದಳು. ಮಗಳ ಒಂದು ಎಳೆಯನ್ನೂ ಬಿಚ್ಚಲಿಲ್ಲ. ಕಟಿಂಗ್ ಮಾಸ್ಟರು ಊಟಕ್ಕೆ ಹೋಗಿದ್ದ. ಹೋಗಿ ಅವನ ಮೇಜಿನಿಂದ ತನ್ನ ಕತ್ತರಿಯನ್ನು ತೆಗೆದುಕೊಂಡು ಬಂದಳು. ಬಲತೋಳನ್ನು ಪೂರ್ತಿ ಬಿಚ್ಚಿ ಬೇರೆ ಮಾಡಿದಳು. ಕಂಕುಳನ್ನು ಒಂದೂವರೆ ಇಂಚು ಕೆಳಗಿಳಿಸಿ ಕತ್ತರಿಸಿದಳು, ಬ್ಯಾಂಡ್ ಮಾಸ್ತರರಿಗೆ ಮಾಡಿದ ಹಾಗೆಯೇ. ತೋಳಿನ ಒಳಬದಿಯನ್ನು ಹಿಡಿದು ಬಿಗಿಮಾಡಿ, ಮೂರೆಳೆ ದಾರದಲ್ಲಿ, ಒಂದರ ಮೇಲೊಂದು ಮೂರು ಸಾಲು ಹೊಲಿಗೆ ಹಾಕಿದಳು. ಸಾಹುಕಾರರು ಮನೆಯಲ್ಲಿ ಕೋಟು ಕಳಚಿ ಗೂಟಕ್ಕೆ ಹಾಕುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಕೋಟು ಮೈಮೇಲಿರುವಷ್ಟು ಹೊತ್ತಾದರೂ ಆ ಬಲಗೈ ಭುಜದಿಂದ ಮೇಲಕ್ಕೆ ಏಳಬಾರದು ಎಂದುಕೊಂಡು ದಾರ ಕಚ್ಚಿ ಕತ್ತರಿಸಿದಳು.